ಪರದೆಯ ಬಣ್ಣವೇ ಬೇರೆ, ಸೀರೆಯ ಬಣ್ಣವೇ ಬೇರೆ!

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಹೆಜ್ಜೆ ಹಾಕಿದರೆ ವಿದ್ಯುತ್ ಮಗ್ಗದ ಸದ್ದು ಜೊತೆಗೇ ಬರುತ್ತದೆ. ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ಈ ಊರಿನ ರೇಷ್ಮೆ, ಕೃತಕ ರೇಷ್ಮೆ ಸೀರೆಗಳಿಗೆ ಚಿಕ್ಕಪೇಟೆಯ ಅಂಗಡಿಗಳು ಹಳೆಯ ಮಾರುಕಟ್ಟೆ. ಹಿಂದೆ ವ್ಯಾಪಾರಿ ಸೀರೆಯ ಮಡಿಕೆ ಬಿಚ್ಚಿ, ಬಾಗಿಲ ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಬೆಲೆಯ ಮಾತು. ಈಗ ಅನೇಕ ವೇಳೆ ಸೀರೆಗಿಂತ ಮೊದಲು ಅದರ ಚಿತ್ರ ಮೊಬೈಲಿನಲ್ಲಿ ಹೋಗುತ್ತದೆ. ತೊಡಕು ಶುರುವಾಗುವುದೂ ಅಲ್ಲಿಯೇ.

ಚಿತ್ರದಲ್ಲಿ ನೀಲಿಯಾಗಿ ಕಂಡ ನವಿಲು ಬಣ್ಣದ ಸೀರೆ ಕೈಗೆ ಬಂದಾಗ ಹಸಿರಾಗಿ ಕಂಡರೆ ಕೊಂಡವರಿಗೆ ಮೋಸ ಹೋದ ಅನಿಸಿಕೆ. ಸೀರೆ ಮರಳಿದರೆ ನಷ್ಟ ನೇಯ್ದವರಿಗೆ ಅಥವಾ ಮಾರಿದವರಿಗೆ. ಇಬ್ಬರೂ ಸುಳ್ಳು ಹೇಳಿಲ್ಲ. ಹಾಗಾದರೆ ಬಣ್ಣ ಬದಲಾದದ್ದು ಎಲ್ಲಿ?

ಬಣ್ಣಕ್ಕೊಂದು ಲೆಕ್ಕ

ಕಂಪ್ಯೂಟರಿಗೆ ಬಣ್ಣ ಗೊತ್ತಿಲ್ಲ, ಗೊತ್ತಿರುವುದು ಅಂಕಿ ಮಾತ್ರ. ಚಿತ್ರದ ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿಗಳು. ಸಾಮಾನ್ಯವಾಗಿ ಒಂದೊಂದೂ 0ಯಿಂದ 255ರವರೆಗೆ. ಇವನ್ನು ಬೆರೆಸಿದರೆ 1 ಕೋಟಿ 67 ಲಕ್ಷಕ್ಕೂ ಹೆಚ್ಚು ಬಣ್ಣಗಳು ಸಿಗುತ್ತವೆ. ಆದರೆ ‘ಹಸಿರು 200’ ಎಂದರೆ ಎಷ್ಟು ಹಸಿರು, ಎಂಥ ಹಸಿರು? ಅಂಕಿಯಷ್ಟೇ ಅದನ್ನು ಹೇಳದು.

ಇದನ್ನು ಸೇರಿನ ಲೆಕ್ಕದಿಂದ ತಿಳಿಯಬಹುದು. 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ಮೂಲಕ ಮೆಟ್ರಿಕ್ ಪದ್ಧತಿ ಬರುವ ಮೊದಲು ಸೇರಿನ ಅಳತೆ ಊರಿನಿಂದ ಊರಿಗೆ ಬೇರೆಯಾಗಿತ್ತು. ‘ಎರಡು ಸೇರು’ ಎಂದರೆ ಸಾಲದು, ಯಾವ ಊರಿನ ಸೇರು ಎಂದೂ ಹೇಳಬೇಕಿತ್ತು. ಚಿತ್ರದ ಅಂಕಿಗಳಿಗೂ ಹಾಗೆಯೇ ‘ಯಾವ ಊರಿನ ಸೇರು’ ಎಂದು ಹೇಳುವ ಚೀಟಿ ಬೇಕು. ಆ ಚೀಟಿಯ ಹೆಸರೇ ಕಲರ್ ಪ್ರೊಫೈಲ್.

ಈ ಲೆಕ್ಕದ ಬೇರು 1931ರಲ್ಲಿದೆ. ಮನುಷ್ಯನ ಕಣ್ಣು ಬಣ್ಣಗಳನ್ನು ಹೇಗೆ ಗ್ರಹಿಸುತ್ತದೆ ಎಂಬ ಪ್ರಯೋಗಗಳ ಆಧಾರದ ಮೇಲೆ ಅಂತರರಾಷ್ಟ್ರೀಯ ಪ್ರಕಾಶ ಆಯೋಗವು ಆ ವರ್ಷ ಬಣ್ಣವನ್ನು ಅಂಕಿಗಳಲ್ಲಿ ಗುರುತಿಸುವ ಕ್ರಮವನ್ನು ಒಪ್ಪಿತು. ಪ್ರೊಫೈಲಿಗೆ ಒಂದೇ ನಮೂನೆ ಇರಲೆಂದು 1993ರಲ್ಲಿ ಕೆಲವು ಕಂಪೆನಿಗಳು ಸೇರಿ ಅಂತರರಾಷ್ಟ್ರೀಯ ಬಣ್ಣ ಒಕ್ಕೂಟವನ್ನು ಕಟ್ಟಿದವು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೂಚಿಸಿದ ‘ಎಸ್‌ಆರ್‌ಜಿಬಿ’ 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಅದಕ್ಕಿಂತ ವಿಶಾಲವಾದ ‘ಅಡೋಬ್ ಆರ್‌ಜಿಬಿ’ ಬಂದದ್ದು 1998ರಲ್ಲಿ.

ಚೀಟಿ ಓದದವರು

ಫೋಟೊಶಾಪ್‌ನಂಥ ತಂತ್ರಾಂಶ ಚಿತ್ರದ ಚೀಟಿಯನ್ನೂ ಮಾನಿಟರಿನ ಚೀಟಿಯನ್ನೂ ಓದಿ, ಒಂದರಿಂದ ಇನ್ನೊಂದಕ್ಕೆ ಲೆಕ್ಕ ಹೊಂದಿಸಿ ಬಣ್ಣ ತೋರಿಸುತ್ತದೆ. ಚಿತ್ರ ನೋಡಲು ಬಳಸುವ ಎಲ್ಲ ತಂತ್ರಾಂಶಗಳಿಗೂ ಆ ತಾಳ್ಮೆ ಇಲ್ಲ. ಕೆಲವು ಚೀಟಿಯನ್ನು ಕಡೆಗಣಿಸುತ್ತವೆ. ಚಿತ್ರವನ್ನು ಕುಗ್ಗಿಸಿ ಕಳುಹಿಸುವಾಗ ಚೀಟಿಯೇ ಬಿದ್ದುಹೋಗುವುದೂ ಉಂಟು. ಆಗ ಅಡೋಬ್ ಆರ್‌ಜಿಬಿಯ ಅಂಕಿಗಳನ್ನು ಎಸ್‌ಆರ್‌ಜಿಬಿ ಎಂದೇ ಓದಿದರೆ ಸೀರೆ ಸಪ್ಪೆಯಾಗಿ ಕಾಣುತ್ತದೆ. ಎಸ್‌ಆರ್‌ಜಿಬಿ ಚಿತ್ರದ ಅಂಕಿಗಳನ್ನು ವಿಶಾಲ ಬಣ್ಣದ ಪರದೆಗೆ ಹಾಗೆಯೇ ಸುರಿದರೆ ಕುಂಕುಮದ ಕೆಂಪು ಕಣ್ಣು ಕುಕ್ಕುತ್ತದೆ. ಕಡತ ಒಂದೇ, ಬಣ್ಣ ಎರಡು.

ಪರದೆಯದೂ ಪಾಲಿದೆ. ಮೊಬೈಲಿನ ‘ವಿವಿಡ್’ ಆಯ್ಕೆ ಬಣ್ಣ ಏರಿಸುತ್ತದೆ. ರಾತ್ರಿಯ ಆಯ್ಕೆ ಎಲ್ಲಕ್ಕೂ ಅರಿಶಿನ ಬಳಿಯುತ್ತದೆ. ಮೂಲದಲ್ಲಿ ಬೆಳಕಿನದೂ ಆಟವೇ. ಹಗಲಿನಲ್ಲಿ ಒಂದೇ ಎನಿಸುವ ಎರಡು ನೂಲುಗಳು ಟ್ಯೂಬ್‌ಲೈಟಿನಡಿ ಬೇರೆಬೇರೆ ಆಗಬಹುದು. ಎರಡರ ಬಣ್ಣದ ರಾಸಾಯನಿಕ ಬೇರೆಯಾಗಿದ್ದರೆ ಹೀಗಾಗುತ್ತದೆ. ಇನ್ನು ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣವಾದ ಸೀರೆ ತಿರುಗಿಸಿದಂತೆಲ್ಲ ಬಣ್ಣ ಬದಲಿಸುತ್ತದೆ. ಅಂಥ ಸೀರೆಯ ‘ನಿಜ’ ಬಣ್ಣವನ್ನು ಒಂದು ಚಿತ್ರ ಹೇಳಲಾರದು. ಗಾಢವಾದ ಕೆಲವು ನೀಲಿ-ಹಸಿರುಗಳಂತೂ ಎಸ್‌ಆರ್‌ಜಿಬಿಯ ಗಡಿಯ ಆಚೆಗೇ ಇವೆ. ನವಿಲು ಬಣ್ಣದ ಮೇಲೆ ದೂರು ಬರಲು ಇದೂ ಒಂದು ಕಾರಣ.

ಮಾಡಬಹುದಾದದ್ದು

ಪೂರ್ಣ ಪರಿಹಾರ ಇಲ್ಲದಿದ್ದರೂ ವ್ಯತ್ಯಾಸವನ್ನು ತಗ್ಗಿಸಬಹುದು. ಸೀರೆಯನ್ನು ಹಗಲಿನ ನೆರಳಿನಲ್ಲಿ, ಪಕ್ಕದಲ್ಲಿ ಬೂದು ಬಣ್ಣದ ಕಾರ್ಡು ಇಟ್ಟು ಚಿತ್ರ ತೆಗೆಯಬೇಕು. ತಿದ್ದುವಾಗ ಆ ಕಾರ್ಡು ಬೂದಾಗಿ ಕಾಣುವಂತೆ ಮಾಡಿದರೆ ಉಳಿದ ಬಣ್ಣಗಳೂ ಬಹುಮಟ್ಟಿಗೆ ದಾರಿಗೆ ಬರುತ್ತವೆ. ತಿದ್ದುವ ಮಾನಿಟರನ್ನು ಅಳೆಯುವ ಉಪಕರಣದಿಂದ ಆಗಾಗ ಸರಿಹೊಂದಿಸಬೇಕು. ಕಳುಹಿಸುವ ಮೊದಲು ಚಿತ್ರವನ್ನು ಎಸ್‌ಆರ್‌ಜಿಬಿಗೆ ಪರಿವರ್ತಿಸಿ, ಪ್ರೊಫೈಲ್ ಸಹಿತ ಉಳಿಸಬೇಕು. ಚೀಟಿ ಕಳೆದುಹೋದರೂ ಹೆಚ್ಚಿನ ಕಡೆ ಅಂಕಿಗಳನ್ನು ಎಸ್‌ಆರ್‌ಜಿಬಿ ಎಂದೇ ಓದುವುದರಿಂದ ಹಾನಿ ಕಡಿಮೆ. ಹೊಳೆಯುವ ಸೀರೆಯಾದರೆ ಎರಡು ಮೂರು ಕೋನಗಳ ಚಿತ್ರವೋ, ಚಿಕ್ಕ ವಿಡಿಯೊವೋ ಇರಲಿ.

ಕೊಳ್ಳುವವರೂ ಒಂದು ಮಾತು ನೆನಪಿಡಬೇಕು. 2015ರಲ್ಲಿ ಒಂದು ಉಡುಪಿನ ಚಿತ್ರ ನೋಡಿ ಅದು ನೀಲಿ-ಕಪ್ಪೋ, ಬಿಳಿ-ಚಿನ್ನವೋ ಎಂದು ಜಗತ್ತೇ ಜಗಳವಾಡಿತು. ಒಂದೇ ಪರದೆಯ ಮುಂದೆ ಕುಳಿತವರೂ ಒಪ್ಪಲಿಲ್ಲ. ಉಡುಪು ನಿಜಕ್ಕೂ ನೀಲಿ-ಕಪ್ಪು. ಬಣ್ಣ ಹೊಂದಲೇಬೇಕಾದ ಮದುವೆ ಸೀರೆಗೆ, ದೊಡ್ಡ ಸಗಟು ಬೇಡಿಕೆಗೆ ಚಿತ್ರದ ಜೊತೆ ಗೇಣುದ್ದ ನೂಲಿನ ಮಾದರಿಯನ್ನೂ ಅಂಚೆಯಲ್ಲಿ ತರಿಸಿಕೊಳ್ಳುವುದು ಒಳಿತು. ಅದನ್ನು ನೋಡಲು ಯಾವ ಪ್ರೊಫೈಲೂ ಬೇಡ, ಹಗಲು ಬೆಳಕೊಂದಿದ್ದರೆ ಸಾಕು.