ಡೀಸೆಲ್ ಕಾರಿಗೆ ಏನು ಹಾಕಿಸಬೇಕು, ಏನು ಬೇಡ

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಬಂಕ್‌ಗಳಲ್ಲಿ ಗದ್ದೆಗೆ ಹೋಗುವ ಟ್ರ್ಯಾಕ್ಟರಿಗೂ, ಅಕ್ಕಿ ಮಿಲ್ಲಿನ ಲಾರಿಗೂ, ನಿನ್ನೆ ಮೊನ್ನೆ ಶೋರೂಮಿನಿಂದ ಬಂದ ಕಾರಿಗೂ ಸಿಗುವುದು ಒಂದೇ ಡೀಸೆಲ್. 2020ರ ಏಪ್ರಿಲ್ 1ರಿಂದ ದೇಶದ ಎಲ್ಲ ಬಂಕ್‌ಗಳಿಗೂ ಬಿಎಸ್-6 (ಭಾರತ್ ಸ್ಟೇಜ್-6) ಮಾನದಂಡದ ಇಂಧನವೇ ಬರುತ್ತಿದೆ. ಬಿಎಸ್-4ರಲ್ಲಿ ಹತ್ತು ಲಕ್ಷ ಭಾಗಕ್ಕೆ 50 ಭಾಗದವರೆಗೆ ಇರಬಹುದಾಗಿದ್ದ ಗಂಧಕದ ಮಿತಿ ಈಗ 10ಕ್ಕೆ ಇಳಿದಿದೆ. ಹಾಗಾಗಿ ಒಳ್ಳೆಯ ಡೀಸೆಲ್‌ಗಾಗಿ ದೊಡ್ಡ ಊರಿನ ಬಂಕನ್ನೇ ಹುಡುಕಿಕೊಂಡು ಹೋಗಬೇಕಿಲ್ಲ. ಬಂಕಿನವರೆಗೆ ಸರಿಯಾಗಿ ಬಂದ ಇಂಧನ ಕಾರಿನ ಟ್ಯಾಂಕಿಗೂ ಹಾಗೆಯೇ ಸೇರುವಂತೆ ನೋಡಿಕೊಂಡರೆ ಹೆಚ್ಚಿನ ಕೆಲಸ ಮುಗಿದಂತೆ.

ಈ ಎಚ್ಚರಿಕೆಗೆ ಕಾರಣ ಎಂಜಿನ್ನಿನ ರಚನೆ. ಈಗಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಡೀಸೆಲ್ ಸುಮಾರು 1600ರಿಂದ 2000 ಬಾರ್ ಒತ್ತಡದಲ್ಲಿ, ಅಂದರೆ ಲಾರಿಯ ಟೈರಿನಲ್ಲಿರುವ ಗಾಳಿಯ ಒತ್ತಡದ ಇನ್ನೂರು ಪಟ್ಟಿನಷ್ಟು ರಭಸದಲ್ಲಿ, ಇಂಜೆಕ್ಟರಿನ ಕೂದಲೆಳೆಯಂಥ ರಂಧ್ರಗಳಿಂದ ಚಿಮ್ಮುತ್ತದೆ. ಒಳಗಿನ ಬಿಡಿಭಾಗಗಳ ನಡುವಿನ ಅಂತರ ಕೆಲವೇ ಮೈಕ್ರಾನ್. ಹಳೆಯ ಟ್ರ್ಯಾಕ್ಟರ್ ನುಂಗಿಕೊಳ್ಳುವ ಧೂಳು ಇಲ್ಲಿ ಲೋಹವನ್ನೇ ಸವೆಸುತ್ತದೆ. ಈ ಒತ್ತಡ ಹುಟ್ಟಿಸುವ ಪಂಪಿಗೆ ಬೇರೆ ಎಣ್ಣೆಯಿಲ್ಲ. ಡೀಸೆಲ್ಲೇ ಅದರ ಕೀಲೆಣ್ಣೆಯೂ ಹೌದು. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್‌ನ ಜಾರುಗುಣ ಕುಂದುತ್ತದೆ. ಅದನ್ನು ತುಂಬಿಕೊಡಲು ರಿಫೈನರಿಯಲ್ಲೇ ಜಾರುಗುಣದ ಅಡಿಟಿವ್ ಬೆರೆಸುತ್ತಾರೆ. ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದನ್ನು ತೋರಿಸುವ ಸೀಟೇನ್ ಸಂಖ್ಯೆ ಕನಿಷ್ಠ 51 ಇರಬೇಕು. ಅಂದರೆ ಕಾರಿಗೆ ಅಗತ್ಯವಾದ ಅಡಿಟಿವ್ ಬಂಕಿನ ಡೀಸೆಲ್ಲಿನಲ್ಲಿ ಮೊದಲೇ ಇರುತ್ತದೆ.

ಡೀಸೆಲ್ ಕೆಡುವುದು ಹೆಚ್ಚಾಗಿ ಬಂಕಿನಿಂದಾಚೆ. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ನಾಟಿ, ಕೊಯ್ಲಿನ ಹೊತ್ತಿಗೆ ಟ್ರ್ಯಾಕ್ಟರಿಗೆಂದು ಬ್ಯಾರಲ್‌ನಲ್ಲಿ ಡೀಸೆಲ್ ತಂದಿಡುವ ರೂಢಿಯಿದೆ. ಅರ್ಧ ಖಾಲಿಯಾದ ಬ್ಯಾರಲ್ಲಿನೊಳಗೆ ತೇವದ ಗಾಳಿ ಸೇರಿ, ರಾತ್ರಿ ತಣಿದಾಗ ಹನಿಗಟ್ಟಿ ತಳಕ್ಕಿಳಿಯುತ್ತದೆ. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಂಥ ಗಸಿ ಆಗುತ್ತದೆ. ಸತುವಿನ ಲೇಪನವಿರುವ ತಗಡಿನ ಡಬ್ಬದಲ್ಲಿಟ್ಟರೆ ಸತು ಡೀಸೆಲ್ಲಿಗೆ ಕರಗಿ, ಇಂಜೆಕ್ಟರ್ ತುದಿಯಲ್ಲಿ ಗಡಸು ಪದರವಾಗಿ ಕೂರುತ್ತದೆ. ಹೀಗೆ ಕೂಡಿಟ್ಟ ಡೀಸೆಲ್ಲನ್ನು ಟ್ರ್ಯಾಕ್ಟರಿಗೇ ಉಳಿಸಿ, ಕಾರಿಗೆ ನೇರವಾಗಿ ಬಂಕಿನಲ್ಲೇ ಹಾಕಿಸುವುದು ಮೇಲು. ಸೀಮೆಎಣ್ಣೆಯ ಬೆರಕೆಯಂತೂ ಜಾರುಗುಣವನ್ನೇ ಕಸಿದು ಪಂಪನ್ನು ಒಣಗಿಸುತ್ತದೆ.

ಬಂಕಿನಲ್ಲಿ ಅನುಮಾನ ಬಂದರೆ ಪರೀಕ್ಷೆಗೆ ಅವಕಾಶವಿದೆ. ಸಾಂದ್ರತೆ ಅಳೆಯುವ ಹೈಡ್ರೋಮೀಟರ್, ಉಷ್ಣತಾಮಾಪಕ, ಐದು ಲೀಟರಿನ ಮುದ್ರೆಯೊತ್ತಿದ ಅಳತೆಪಾತ್ರೆ ಅಲ್ಲಿ ಇರಲೇಬೇಕು; ಗ್ರಾಹಕರು ಕೇಳಿದರೆ ತೋರಿಸಬೇಕು. ಬಿಸಿಯಾದಂತೆ ಡೀಸೆಲ್ ಹಗುರಾಗುವುದರಿಂದ, ಅಳತೆಯನ್ನು ಕೋಷ್ಟಕದ ನೆರವಿನಿಂದ 15 ಡಿಗ್ರಿ ಸೆಲ್ಸಿಯಸ್‌ಗೆ ಪರಿವರ್ತಿಸುತ್ತಾರೆ. ಘನ ಮೀಟರಿಗೆ ಕಿಲೋಗ್ರಾಂ ಲೆಕ್ಕದಲ್ಲಿ, ಪ್ರತಿ ಡಿಗ್ರಿಗೆ ಸುಮಾರು 0.7ರಷ್ಟು ವ್ಯತ್ಯಾಸ. 35 ಡಿಗ್ರಿಯಲ್ಲಿ ಹೈಡ್ರೋಮೀಟರ್ 815 ತೋರಿಸಿದರೆ, 15 ಡಿಗ್ರಿಗೆ ಅದು ಸುಮಾರು 829 ಆಗುತ್ತದೆ. ಬಂಕಿನ ದಾಖಲೆಯಲ್ಲಿ 830 ಎಂದಿದ್ದರೆ ಚಿಂತೆಯಿಲ್ಲ. ವ್ಯತ್ಯಾಸ 3ಕ್ಕಿಂತ ಹೆಚ್ಚಾದಾಗ ಪ್ರಶ್ನಿಸಬೇಕು. ಆದರೂ ಸಾಂದ್ರತೆಯೊಂದೇ ಎಲ್ಲ ಬೆರಕೆಯನ್ನೂ ಹಿಡಿದುಕೊಡದು. ಹಾಗಾಗಿ ಮುಂದೆ ದೂರು ಕೊಡಬೇಕಾದರೆ ಇರಲೆಂದು ಬಿಲ್ಲನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಇಂಡಿಯನ್ ಆಯಿಲ್‌ನ ಎಕ್ಸ್‌ಟ್ರಾಗ್ರೀನ್, ಹಿಂದೂಸ್ತಾನ್ ಪೆಟ್ರೋಲಿಯಂನ ಟರ್ಬೋಜೆಟ್‌ನಂಥ ದುಬಾರಿ ಡೀಸೆಲ್‌ಗಳು ಮೂಲದಲ್ಲಿ ಅದೇ ಬಿಎಸ್-6 ಡೀಸೆಲ್. ಇಂಜೆಕ್ಟರ್ ಶುಚಿಯಾಗಿಡುವ ಅಡಿಟಿವ್‌ಗಳನ್ನು ಅವುಗಳಿಗೆ ಹೆಚ್ಚುವರಿಯಾಗಿ ಬೆರೆಸಿರುತ್ತಾರೆ. ಹಾಕಿಸಿದರೆ ಹಾನಿಯಿಲ್ಲ, ಹಾಕಿಸದಿದ್ದರೆ ಎಂಜಿನ್ ಕೆಡುವುದೂ ಇಲ್ಲ. ಆಗಾಗ ಒಂದು ಟ್ಯಾಂಕ್ ಹಾಕಿಸುವವರಿಗೆ ಬಾಟಲಿಯ ಕ್ಲೀನರ್ ಬೇರೆ ಬೇಕಿಲ್ಲ.

ಬಿಡಿಭಾಗದ ಅಂಗಡಿಗಳಲ್ಲಿ ಸಿಗುವ ಬಾಟಲಿಗಳ ಗುಣ ಒಂದೊಂದಕ್ಕೆ ಒಂದೊಂದು ಬಗೆ. ಶುಚಿಗೊಳಿಸುವ ಬಾಟಲಿ ಆರಂಭದ ಕಿಟ್ಟವನ್ನು ಸಡಿಲಿಸಬಹುದು, ಸವೆದ ಇಂಜೆಕ್ಟರನ್ನು ಸರಿಪಡಿಸಲಾರದು. ಡೀಸೆಲ್ ಹೆಪ್ಪುಗಟ್ಟದಂತೆ ತಡೆಯುವ ದ್ರವ ಲಡಾಖ್‌ನಲ್ಲಿ ಬೇಕಾದೀತು, ರಾಯಚೂರು ಜಿಲ್ಲೆಯ ಚಳಿಗೆ ಬೇಡ. ಲೋಹಾಂಶವಿರುವ ಅಡಿಟಿವ್‌ಗಳು ಬೂದಿ ಉಳಿಸುತ್ತವೆ. ಟ್ಯಾಂಕಿಗೆ ಟೂ-ಸ್ಟ್ರೋಕ್ ಎಣ್ಣೆ ಹುಯ್ಯುವ ಹಳೆಯ ಅಭ್ಯಾಸದಿಂದಲೂ ಬೂದಿಯೇ. ಕಾರಿನ ಕೈಪಿಡಿ ಒಪ್ಪದ ಯಾವ ಬಾಟಲಿಯೂ ವಾರಂಟಿಯ ತಕರಾರಿಗೆ ದಾರಿ.

ಹೊಂಗೆ ಎಣ್ಣೆಯ ಮಾತೂ ಆಗಾಗ ಬರುತ್ತದೆ. ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವೇ ಇದೆ. ಆದರೆ ಗಾಣದ ಹೊಂಗೆ ಎಣ್ಣೆಯೇ ಬೇರೆ, ಬಯೋಡೀಸೆಲ್ಲೇ ಬೇರೆ. ಹಸಿ ಎಣ್ಣೆಯ ಸ್ನಿಗ್ಧತೆ ಡೀಸೆಲ್‌ಗಿಂತ ಹಲವು ಪಟ್ಟು ಹೆಚ್ಚು. ರಾಸಾಯನಿಕ ಕ್ರಿಯೆಯಿಂದ ಗ್ಲಿಸರಿನ್ ಬೇರ್ಪಡಿಸಿದ ಮೇಲಷ್ಟೇ ಅದು ಬಯೋಡೀಸೆಲ್. ಮಾನದಂಡಕ್ಕೆ ಒಪ್ಪುವ ಬಯೋಡೀಸೆಲ್ ಶೇ 7ರವರೆಗೆ ಬೆರೆತಿದ್ದರೆ ಸಾಮಾನ್ಯವಾಗಿ ಕಾರಿಗೆ ತೊಂದರೆಯಿಲ್ಲ. ರಸ್ತೆ ಬದಿಯಲ್ಲಿ ‘ಬಯೋಡೀಸೆಲ್’ ಎಂಬ ಹೆಸರಿನಲ್ಲಿ ಮಾರುವ ಅಗ್ಗದ ದ್ರವಕ್ಕೆ ಈ ಭರವಸೆ ಇಲ್ಲ.

ಬಾಟಲಿಗಳ ಮಾತಿನಲ್ಲಿ ಬಂದ ಬೂದಿಯ ಚಿಂತೆ ಏಕೆಂದರೆ, ಬಿಎಸ್-6 ಕಾರಿನ ಹೊಗೆಯ ಹಾದಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಸೋಸುಕ ಇರುತ್ತದೆ. ಕೂಡಿದ ಮಸಿಯನ್ನು ಕಾರು ತಾನೇ ಸುಮಾರು 600 ಡಿಗ್ರಿ ಶಾಖದಲ್ಲಿ ಸುಟ್ಟುಕೊಳ್ಳುತ್ತದೆ. ಬೂದಿ ಮಾತ್ರ ಸುಡುವುದಿಲ್ಲ. ಮನೆ, ಬಜಾರು, ಬಸ್ ನಿಲ್ದಾಣ ಎಂದು ಸಿಂಧನೂರಿನೊಳಗೇ ತಿರುಗುವ ಕಾರಿಗೆ ಆ ಶಾಖ ಸಿಗದೆ ಮಸಿ ಕಟ್ಟುತ್ತದೆ. ಮಸ್ಕಿ ಮಾರ್ಗವಾಗಿ ಲಿಂಗಸುಗೂರಿಗೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಐವತ್ತು ಕಿಲೋಮೀಟರಿಗೂ ಮಿಕ್ಕ ಓಟವಿದೆ. ಅಲ್ಲಿ ಸಮವೇಗದಲ್ಲಿ ಅರ್ಧ ಗಂಟೆ ಓಡಿಸುವುದು ಯಾವ ಬಾಟಲಿಗಿಂತಲೂ ಹೆಚ್ಚು ಉಪಕಾರಿ. ಎಂಜಿನ್ ಆಯಿಲ್ ಕೂಡ ಕೈಪಿಡಿ ಹೇಳಿದ, ಕಡಿಮೆ ಬೂದಿಯ ದರ್ಜೆಯದೇ ಆಗಬೇಕು.

ಕೆಲವು ಕಾರುಗಳಿಗೆ ಡಿಇಎಫ್ ಎಂಬ ಯೂರಿಯಾ ದ್ರವವೂ ಬೇಕು. ಇದು ಡೀಸೆಲ್‌ನ ಅಡಿಟಿವ್ ಅಲ್ಲ. ನೀಲಿ ಮುಚ್ಚಳದ ಬೇರೆ ಟ್ಯಾಂಕಿಗೆ ಹಾಕಿ, ಹೊಗೆಯ ಮೇಲೆ ಸಿಂಪಡಿಸಿ, ಅದರಲ್ಲಿನ ಸಾರಜನಕದ ಆಕ್ಸೈಡ್‌ಗಳನ್ನು ಸಾರಜನಕ ಮತ್ತು ನೀರಾಗಿಸುವ ದ್ರವ. ಇದರಲ್ಲಿ ಶೇ 32.5ರಷ್ಟು ಶುದ್ಧ ಯೂರಿಯಾ, ಉಳಿದದ್ದು ಖನಿಜರಹಿತ ನೀರು. ಭತ್ತದ ನಾಡಿನಲ್ಲಿ ಯೂರಿಯಾ ಚೀಲ ಮನೆಮನೆಯಲ್ಲೂ ಇರುವುದರಿಂದ ಕರಗಿಸಿ ಹಾಕುವ ಆಸೆ ಹುಟ್ಟಬಹುದು. ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪನವಿದೆ, ಬೈಯುರೆಟ್‌ನಂಥ ಕಲ್ಮಶವೂ ಇದೆ. ಇವು ಹೊಗೆಯ ಹಾದಿಯಲ್ಲಿ ಈ ಕ್ರಿಯೆ ನಡೆಸುವ ದುಬಾರಿ ವೇಗವರ್ಧಕವನ್ನು (ಕ್ಯಾಟಲಿಸ್ಟ್) ಕೆಡಿಸುತ್ತವೆ. ಜೊತೆಗೆ ಸಬ್ಸಿಡಿ ಗೊಬ್ಬರವನ್ನು ಬೇರೆಡೆ ಬಳಸುವುದು ಕಾನೂನುಬಾಹಿರ. ಐಎಸ್‌ಒ 22241 ಗುರುತಿನ, ಮುದ್ರೆ ಒಡೆಯದ ಕ್ಯಾನ್ ಕೊಳ್ಳಬೇಕು. 25 ಡಿಗ್ರಿಯಲ್ಲಿ ಒಂದೂವರೆ ವರ್ಷ ಬಾಳುವ ಈ ದ್ರವ 35 ಡಿಗ್ರಿಯಲ್ಲಿ ಆರು ತಿಂಗಳಷ್ಟೇ ಬಾಳುತ್ತದೆ. ನಲವತ್ತು ದಾಟುವ ಇಲ್ಲಿನ ಬೇಸಿಗೆಯಲ್ಲಿ ಕ್ಯಾನನ್ನು ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಇಡಬಾರದು. ತಪ್ಪಿ ಡೀಸೆಲ್ ಟ್ಯಾಂಕಿಗೆ ಸುರಿದರೆ, ಕೀಲಿಯನ್ನೇ ತಿರುಗಿಸದೆ ಟ್ಯಾಂಕ್ ಖಾಲಿ ಮಾಡಿಸಬೇಕು.

ಕಾರಿನ ಎಳೆತ ಕುಗ್ಗಿದರೆ ಮೊದಲು ಡೀಸೆಲ್ ಫಿಲ್ಟರ್, ಅದರಲ್ಲಿ ಕೂಡಿದ ನೀರು ಮತ್ತು ಗಾಳಿಯ ಫಿಲ್ಟರ್ ನೋಡಿಸಬೇಕು. ಆಮೇಲೆ ಕಂಪ್ಯೂಟರ್ ತಪಾಸಣೆಯಿಂದ ಇಂಜೆಕ್ಟರ್, ಡಿಪಿಎಫ್ ಸ್ಥಿತಿ ತಿಳಿಯುತ್ತದೆ. ಸುಗ್ಗಿಯ ಧೂಳಿನಲ್ಲಿ ಓಡುವ ಕಾರಿಗೆ ಫಿಲ್ಟರ್‌ಗಳನ್ನು ಕೈಪಿಡಿಯ ಗಡುವಿಗಿಂತ ಮುಂಚೆಯೇ ಬದಲಿಸುವುದು ಲೇಸು. ಬಾಟಲಿಗೆ ಕೊಡುವ ದುಡ್ಡು ಫಿಲ್ಟರಿಗೆ ಹೋದರೆ ಹೆಚ್ಚು ಸಾರ್ಥಕ.