ಆಲ್ಬಿನಿಸಂ: ಜನರ ಗಮನ ಚರ್ಮದ ಮೇಲೆ, ತೊಂದರೆ ಕಣ್ಣಿನಲ್ಲಿ

ಕಂದು ಮೈಬಣ್ಣದ ದಂಪತಿಗೆ ಅಚ್ಚಬಿಳಿ ಮೈ, ಹೊಂಬಣ್ಣದ ಕೂದಲಿನ ಮಗು ಹುಟ್ಟಿದರೆ ಮನೆಯಲ್ಲಿ ಮೊದಲು ವಿಚಾರಣೆಗೆ ಗುರಿಯಾಗುವವಳು ತಾಯಿ. ಬಸುರಿಯಾಗಿದ್ದಾಗ ಗ್ರಹಣ ನೋಡಿದಳಂತೆ, ಮನೆತನಕ್ಕೆ ನಾಗದೋಷವಂತೆ. ಕೆಲವರ ನಾಲಿಗೆ ಅವಳ ನಡತೆಯವರೆಗೂ ಚಾಚುತ್ತದೆ. ಇದು ಘೋರ ಅನ್ಯಾಯ. ಚರ್ಮ, ಕೂದಲು, ಕಣ್ಣಿಗೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಬೇಕಾದ ಪ್ರತಿ ಜೀನೂ ನಮ್ಮಲ್ಲಿ ಜೋಡಿಯಾಗಿರುತ್ತದೆ: ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಆದ್ದರಿಂದ ಹೆತ್ತವರ ಮೈಯಲ್ಲಿ ಯಾವ ಗುರುತೂ ಕಾಣುವುದಿಲ್ಲ. ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದ ಮಗುವಿನಲ್ಲಿ ಮಾತ್ರ ಆಲ್ಬಿನಿಸಂ ತೋರುತ್ತದೆ. ಇಂಥ ದಂಪತಿಯ ಪ್ರತಿ ಬಸಿರಿನಲ್ಲೂ ಆ ಸಾಧ್ಯತೆ ಶೇ. 25. ಅಂದರೆ ಅಪ್ಪ, ಅಮ್ಮ ಇಬ್ಬರ ಪಾಲೂ ಸಮ. ಅಕ್ಕನ ಮಗಳನ್ನೋ ಅತ್ತೆಯ ಮಗಳನ್ನೋ ಮದುವೆಯಾಗುವ ನಮ್ಮ ಸೀಮೆಗಳಲ್ಲಿ ಒಂದೇ ಅಜ್ಜನ ಕೆಟ್ಟ ಜೀನು ಎರಡೂ ಕಡೆಯಿಂದ ಬಂದು ಸೇರುವ ಸಂಭವ ಹೆಚ್ಚು, ನಿಜ. ಆದರೆ ಯಾವ ನೆಂಟಸ್ತಿಕೆಯೂ ಇಲ್ಲದವರಿಗೂ ಇಂಥ ಮಗು ಹುಟ್ಟಬಹುದು.

ತೊನ್ನಿಗೂ ಇದಕ್ಕೂ ಸಂಬಂಧವಿಲ್ಲ. ತೊನ್ನಿನಲ್ಲಿ ಬಣ್ಣ ಮಾಡುವ ಜೀವಕೋಶಗಳೇ ನಾಶವಾಗಿ, ಹುಟ್ಟಿದ ಎಷ್ಟೋ ಕಾಲದ ಮೇಲೆ ಕಲೆಗಳು ಮೂಡುತ್ತವೆ. ಆಲ್ಬಿನಿಸಂನಲ್ಲಿ ಆ ಕೋಶಗಳು ಇರುತ್ತವೆ, ಅವು ಮೆಲನಿನ್ ಮಾಡಲಾರವು, ಇಲ್ಲವೇ ತೀರಾ ಕಡಿಮೆ ಮಾಡುತ್ತವೆ. ಎರಡೂ ಮುಟ್ಟಿದರೆ ಅಂಟುವುದಿಲ್ಲ, ಎರಡೂ ಕುಷ್ಠವಲ್ಲ. ಮೀನು ತಿಂದು ಹಾಲು ಕುಡಿದದ್ದಕ್ಕೂ ಇವುಗಳಿಗೂ ನಂಟಿಲ್ಲ.

ಇನ್ನು ಕಣ್ಣಿನ ವಿಷಯ. ಇಂಥವರ ಕಣ್ಣು ಕೆಂಪಗಿರುತ್ತದೆ ಎಂಬುದು ಬಹಳ ಜನರ ನಂಬಿಕೆ. ಹೆಚ್ಚಿನವರ ಕಣ್ಣು ನೀಲಿ, ಬೂದು ಅಥವಾ ತಿಳಿಗಂದು. ಪಾಪೆಯ ಸುತ್ತಲಿನ ಪರದೆಯಲ್ಲಿ ಬಣ್ಣ ಕಡಿಮೆಯಾದ್ದರಿಂದ ಕೆಲವು ಬೆಳಕಿನಲ್ಲಿ ಒಳಗಿನ ರಕ್ತನಾಳಗಳ ಕೆಂಪು ಹೊಳೆಯುತ್ತದೆ, ಅಷ್ಟೆ. ಯಾರೂ ಗಮನಿಸದ ನಿಜವಾದ ತೊಂದರೆ ಇನ್ನೂ ಒಳಗಿದೆ. ಗರ್ಭದಲ್ಲಿ ಕಣ್ಣು ರೂಪುಗೊಳ್ಳುವಾಗಲೇ ಮೆಲನಿನ್ ಬೇಕು. ಅದು ಸಾಲದಿದ್ದರೆ ಅಕ್ಷಿಪಟದಲ್ಲಿ ಸೂಕ್ಷ್ಮ ನೋಟಕ್ಕೆ ಮೀಸಲಾದ ನಡುವಿನ ಗುಳಿ ಸರಿಯಾಗಿ ಬೆಳೆಯುವುದಿಲ್ಲ. ಕಣ್ಣಿನಿಂದ ಮಿದುಳಿಗೆ ಹೋಗುವ ನರತಂತುಗಳಲ್ಲಿ ಅದೇ ಬದಿಯಲ್ಲಿ ಉಳಿಯಬೇಕಾದ ಹಲವು ತಂತುಗಳು ಎದುರು ಬದಿಗೆ ದಾಟಿಬಿಡುತ್ತವೆ. ಕಣ್ಣುಗುಡ್ಡೆ ತಾನಾಗಿಯೇ ಅತ್ತಿತ್ತ ತೂಗಾಡುತ್ತದೆ. ಕನ್ನಡಕ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಭರವಸೆಯೂ ತಪ್ಪು. ಕನ್ನಡಕದಿಂದ ಒಂದಿಷ್ಟು ಅನುಕೂಲ ಖಂಡಿತ ಇದೆ, ಆದರೆ ಬೆಳೆಯದ ಗುಳಿಯನ್ನು ಅದು ಬೆಳೆಸಲಾರದು. ಕಣ್ಣಿನ ಓಲಾಟ ಕಡಿಮೆಯಾಗುವ ಕೋನ ಹುಡುಕಿಕೊಂಡು ಕೆಲವು ಮಕ್ಕಳು ತಲೆ ವಾಲಿಸಿ ನೋಡುತ್ತಾರೆ. ತರಗತಿಯಲ್ಲಿ ಅದಕ್ಕೆ ಬೈಸಿಕೊಳ್ಳುತ್ತಾರೆ. ಬೋರ್ಡು ಕಾಣದ ಮಗುವನ್ನು ದಡ್ಡ ಎನ್ನುತ್ತಾರೆ. ಬುದ್ಧಿಗೂ ಮೆಲನಿನ್‌ಗೂ ಯಾವ ಸಂಬಂಧವೂ ಇಲ್ಲ.

ಮೈಸೂರು ಮೃಗಾಲಯದಲ್ಲೋ ಬನ್ನೇರುಘಟ್ಟದಲ್ಲೋ ಬಿಳಿ ಹುಲಿ ಕಂಡವರು ಅದನ್ನೂ ಆಲ್ಬಿನೊ ಎನ್ನುವುದುಂಟು. ಅದರ ಮೈಮೇಲಿನ ಕಪ್ಪು ಪಟ್ಟೆಗಳನ್ನು ನೋಡಿ: ಮೆಲನಿನ್ ಇಲ್ಲದಿದ್ದರೆ ಅವು ಎಲ್ಲಿಂದ ಬರಬೇಕು? ಹಳದಿ–ಕೆಂಪು ಬಗೆಯ ಮೆಲನಿನ್ ಮಾತ್ರ ಅದರಲ್ಲಿ ಅಳಿದಿದೆ. ಇದಕ್ಕೆ ಕಾರಣವಾದ ಜೀನಿನ ಬದಲಾವಣೆ 2013ರಲ್ಲಿ ಪತ್ತೆಯಾಯಿತು. ಆದರೂ ಬಿಳಿ ಹುಲಿಯ ದೃಷ್ಟಿನರಗಳು ಆಲ್ಬಿನಿಸಂನಲ್ಲಿ ಆಗುವಂತೆಯೇ ದಾರಿ ತಪ್ಪಿರುತ್ತವೆ, ಹಲವು ಹುಲಿಗಳಿಗೆ ಮೆಳ್ಳೆಗಣ್ಣು. ಅದು ಬೇರೆ ಪ್ರಭೇದವಲ್ಲ, ಉಳಿಸಬೇಕಾದ ಅಪರೂಪದ ಕುಲವೂ ಅಲ್ಲ. 1951ರಲ್ಲಿ ಹಿಂದಿನ ರೇವಾ ಸಂಸ್ಥಾನದ ಕಾಡಿನಲ್ಲಿ ಹಿಡಿದ ‘ಮೋಹನ್’ ಎಂಬ ಮರಿ ಬೆಳೆದ ಮೇಲೆ ಅದನ್ನು ಅದರ ಮಗಳು ರಾಧಾಳೊಂದಿಗೇ ಕೂಡಿಸಿ ಬಿಳಿ ಮರಿಗಳನ್ನು ಪಡೆದರು. ಇಂದು ಮೃಗಾಲಯಗಳಲ್ಲಿ ಇರುವ ಬಿಳಿ ಹುಲಿಗಳಲ್ಲಿ ಬಹುಪಾಲು ಆ ವಂಶದವೇ. ಬಿಳಿ ನವಿಲೂ ಸಾಮಾನ್ಯವಾಗಿ ಆಲ್ಬಿನೊ ಅಲ್ಲ, ಅದರ ಕಣ್ಣಿನಲ್ಲಿ ಬಣ್ಣ ಉಳಿದಿರುತ್ತದೆ. ಬಿಳಿ ನಾಗರ ಕಂಡರೆ ಜನ ಕೈಮುಗಿಯುತ್ತಾರೆ. ಬಣ್ಣದ ಮರೆಯಿಲ್ಲದ ಆ ಹಾವು ಹದ್ದಿನ ಕಣ್ಣಿಗೆ ಬೇಗ ಬೀಳುತ್ತದೆ. ಅದರ ವಿಷಕ್ಕೆ ಮಾತ್ರ ಏನೂ ಕಡಿಮೆಯಿಲ್ಲ.

ಬೆಳ್ಳಗಿನ ಸಸಿಗಳನ್ನೂ ಆಲ್ಬಿನೊ ಎನ್ನುವುದುಂಟು, ಆದರೆ ಸಸ್ಯಗಳಲ್ಲಿ ಕೊರತೆ ಬೀಳುವುದು ಮೆಲನಿನ್ ಅಲ್ಲ, ಪತ್ರಹರಿತ್ತು. ಜೋಳದ ಮೊಳಕೆ ಪೂರ್ತಿ ಬೆಳ್ಳಗೆ ಬಂದರೆ ಬೀಜದಲ್ಲಿನ ಆಹಾರ ಮುಗಿಯುವವರೆಗೆ ಮಾತ್ರ ಬದುಕು.

ಮತ್ತೆ ಮಕ್ಕಳ ಮಾತಿಗೆ ಬಂದರೆ, ಬಿಸಿಲಿಗೆ ಬಿಟ್ಟರೆ ಮಗುವಿಗೆ ಬಣ್ಣ ಬರುತ್ತದೆ ಎಂಬ ಸಲಹೆಯಂತೂ ಅಪಾಯಕಾರಿ. ಮೆಲನಿನ್ ಕಾವಲಿಲ್ಲದ ಚರ್ಮ ಬೇಗ ಸುಡುತ್ತದೆ, ವರ್ಷಗಟ್ಟಲೆ ಸುಟ್ಟರೆ ಚರ್ಮದ ಕ್ಯಾನ್ಸರ್ ಬರಬಹುದು. ಅಗಲ ಅಂಚಿನ ಟೋಪಿ, ತುಂಬುತೋಳಿನ ಬಟ್ಟೆ, ಸನ್‌ಸ್ಕ್ರೀನ್, ತಂಪು ಕನ್ನಡಕ ಇದ್ದು ಬಿಸಿಲಿನಿಂದ ತಪ್ಪಿಸಿಕೊಂಡರೆ ಸಾಮಾನ್ಯವಾಗಿ ಆಯಸ್ಸು ಎಲ್ಲರಷ್ಟೇ. ಶಾಲೆಯಲ್ಲಿ ಮುಂದಿನ ಬೆಂಚು, ಕಿಟಕಿಗೆ ಬೆನ್ನು, ದಪ್ಪ ಅಕ್ಷರದ ಪುಸ್ತಕ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಆಲ್ಬಿನಿಸಂ ಎಂಬ ಹೆಸರಿಲ್ಲ, ಮಂದದೃಷ್ಟಿ ಇದೆ. ಆದ್ದರಿಂದ ಹೆತ್ತವರು ಮಗುವನ್ನು ಚರ್ಮದ ವೈದ್ಯರಲ್ಲಿಗೆ ಮಾತ್ರವಲ್ಲ, ಕಣ್ಣಿನ ವೈದ್ಯರಲ್ಲಿಗೂ ಕರೆದೊಯ್ದು ದೃಷ್ಟಿ ಅಳೆಸಿ ಪ್ರಮಾಣಪತ್ರ ಕೇಳಬೇಕು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಪಡೆಯಲು ನೆರವಾಗುವುದು ಅದೇ ಪತ್ರ.