ಹಿಮಗಿರಿಯ ವಿಹಾರ: ಅದು ಬಂದ ಬಗೆ, ಹೊರಡುವವರ ಸಿದ್ಧತೆ

ಹತ್ತಿಯ ಗಿರಣಿಗಳಿಂದ ಹೆಸರಾದ ದಾವಣಗೆರೆಯಲ್ಲಿಯೂ ತುಂಗಭದ್ರೆಯ ತಟದ ಹರಿಹರದಲ್ಲಿಯೂ ಒಂದೆರಡು ತಲೆಮಾರುಗಳ ಹಿಂದೆ ದೂರದ ಪ್ರಯಾಣವೆಂದರೆ ಬಹುಮಟ್ಟಿಗೆ ಕಾಶಿ, ರಾಮೇಶ್ವರ, ಶ್ರೀಶೈಲಗಳ ಯಾತ್ರೆಯೇ ಆಗಿತ್ತು. ಇಲ್ಲಿಯ ವೈದ್ಯಕೀಯ ಹಾಗೂ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ಮಕ್ಕಳು ಪರದೇಶಗಳಲ್ಲಿ ನೆಲಸಿ, ತಂದೆತಾಯಿಗಳನ್ನೂ ಒಡಹುಟ್ಟಿದವರನ್ನೂ ಕರೆಸಿಕೊಳ್ಳತೊಡಗಿದ ಮೇಲೆ, ಹಿಮದ ಇಳಿಜಾರಿನಲ್ಲಿ ಸ್ಕೀ ಹಲಗೆಗಳನ್ನು ಕಟ್ಟಿಕೊಂಡು ಜಾರುವ ವಿಹಾರವೂ ನಮ್ಮ ಮನೆಗಳ ಮಾತುಕತೆಯೊಳಗೆ ಬಂದು ಸೇರಿತು. ಇಂತಹ ಪ್ರಯಾಣಕ್ಕೆ ಏನೇನು ಬೇಕೆಂದು ಕೇಳುವವರಿಗೆ ಪಟ್ಟಿಯೊಂದನ್ನು ಬರೆದುಕೊಡುವುದು ಸುಲಭ; ಆದರೆ ಆ ಪಟ್ಟಿಯ ಒಂದೊಂದು ಸಲಹೆಯ ಹಿಂದೆಯೂ ಹಿಮದಲ್ಲಿ ಬಿದ್ದು ಎದ್ದವರ ಅನುಭವವಿದೆಯೆಂಬುದನ್ನು ತಿಳಿದು ಹೊರಟವರು ಅದನ್ನು ಹಗುರವಾಗಿ ಕಾಣಲಾರರು.

ಹಿಮಪ್ರದೇಶದ ಜನರಿಗೆ ಸ್ಕೀ ಎಂಬುದು ಸಾವಿರಾರು ವರ್ಷಗಳಿಂದ ಬೇಟೆಗೂ ಸಂಚಾರಕ್ಕೂ ಒದಗಿಬಂದ ಸಾಧನ. ಅದನ್ನು ಆಟವಾಗಿ ಬೆಳೆಸಿದ ಕೀರ್ತಿಯಲ್ಲಿ ದೊಡ್ಡ ಪಾಲು ನಾರ್ವೆಯ ಟೆಲಿಮಾರ್ಕ್ ಪ್ರಾಂತದ ಸೊಂಡ್ರೆ ನೊರ್‌ಹೈಮ್ ಎಂಬ ರೈತನಿಗೆ ಸಲ್ಲತಕ್ಕದ್ದು. ಎಳೆಯ ಕೊಂಬೆಗಳನ್ನು ಹೊಸೆದು ಹಿಮ್ಮಡಿಯ ಸುತ್ತ ಕಟ್ಟುವ ಪಟ್ಟಿಯನ್ನು ಅವನು ಬಳಕೆಗೆ ತಂದುದರಿಂದ, ಹಾರುವಾಗಲೂ ಹೊರಳುವಾಗಲೂ ಹಲಗೆಯು ಪಾದವನ್ನು ಬಿಟ್ಟುಹೋಗದಂತಾಯಿತು. 1868ರಲ್ಲಿ ಅವನು ಕ್ರಿಸ್ಟಿಯಾನಿಯದಲ್ಲಿ, ಎಂದರೆ ಇಂದಿನ ಓಸ್ಲೋದಲ್ಲಿ, ತೋರಿದ ಕೌಶಲ ನಾಡಿಗೆಲ್ಲ ಮಾದರಿಯಾಯಿತು.

ಇತ್ತ ಸ್ವಿಟ್ಜರ್‌ಲೆಂಡಿನ ಸೇಂಟ್ ಮಾರಿಟ್ಸ್‌ನಲ್ಲಿ ಯೋಹಾನೆಸ್ ಬದ್ರುತ್ ಎಂಬ ಹೋಟೆಲಿನ ಯಜಮಾನನು 1864ರಲ್ಲಿ, ಬೇಸಗೆಗೆ ಬಂದಿದ್ದ ಇಂಗ್ಲಿಷ್ ಅತಿಥಿಗಳೊಡನೆ ಪಣ ಕಟ್ಟಿ, ಚಳಿಗಾಲದ ಬಿಸಿಲು ಹಿಡಿಸದಿದ್ದರೆ ವೆಚ್ಚವನ್ನು ತಾನೇ ತೆರುವೆನೆಂದು ಅವರನ್ನು ಮರಳಿ ಕರೆಸಿಕೊಂಡನೆಂದು ಹೇಳುತ್ತಾರೆ. ಬಳಿಕ ಈ ಪ್ರವಾಸವನ್ನು ದೊಡ್ಡ ಉದ್ಯಮವಾಗಿ ಏರ್ಪಡಿಸಿದವರಲ್ಲಿ ಹೆನ್ರಿ ಲನ್ ಒಬ್ಬನು. ಹೆನ್ರಿಯು ಹಿಂದೆ ಮಿಷನರಿಯಾಗಿ ಭಾರತಕ್ಕೆ ಬಂದಿದ್ದುದರಿಂದ, ಅವನ ಮಗ ಆರ್ನಲ್ಡ್ ಲನ್ 1888ರಲ್ಲಿ ಹುಟ್ಟಿದ್ದು ನಮ್ಮ ನೆರೆಯ ಮದರಾಸಿನಲ್ಲಿ. ಈ ಆರ್ನಲ್ಡನೇ 1922ರಲ್ಲಿ ಸ್ವಿಟ್ಜರ್‌ಲೆಂಡಿನ ಮ್ಯೂರನ್ ಗ್ರಾಮದಲ್ಲಿ, ನೆಟ್ಟ ಕಂಬಗಳ ನಡುವೆ ಹೊರಳುತ್ತ ಇಳಿಯುವ ಸ್ಲಾಲಮ್ ಸ್ಪರ್ಧೆಗೆ ಇಂದಿನ ರೂಪವನ್ನು ಕೊಟ್ಟನು.

ಕಾಲವನ್ನು ಆರಿಸುವುದು ಮೊದಲ ವಿವೇಕ. ಯೂರೋಪಿನಲ್ಲಿ ಹಿಮದ ಋತು ಡಿಸೆಂಬರಿನಿಂದ ಏಪ್ರಿಲಿನವರೆಗೆ. ಕ್ರಿಸ್ಮಸ್ಸಿನ ವಾರದಲ್ಲಿಯೂ ಅಲ್ಲಿಯ ಶಾಲೆಗಳಿಗೆ ಬಿಡುವಿರುವ ಫೆಬ್ರವರಿಯಲ್ಲಿಯೂ ದರಗಳು ಏರುವುದರಿಂದ, ಸಂಕ್ರಾಂತಿಯ ಆಸುಪಾಸಿನ ದಿನಗಳು ಕೈಗೆಟಕುವಂಥವು. ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು. ಹೊರಡಲು 15 ದಿನಗಳು ಉಳಿದಿರುವುದಕ್ಕಿಂತ ತಡಮಾಡುವಂತಿಲ್ಲ. ಮರಳುವ ದಿನದ ಬಳಿಕ ಮೂರು ತಿಂಗಳಾದರೂ ಪಾಸ್‌ಪೋರ್ಟ್ ಊರ್ಜಿತವಾಗಿರಬೇಕು, ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಇರಬೇಕು. ಸಾಮಾನ್ಯ ಪ್ರವಾಸವಿಮೆಗಳು ಸ್ಕೀ ಆಟದ ಗಾಯವನ್ನು ಹೊರಗಿಡುವುದುಂಟು. ಆದುದರಿಂದ ಹಿಮಕ್ರೀಡೆಗೂ ಬೆಟ್ಟದಿಂದ ಗಾಯಾಳುವನ್ನು ಇಳಿಸುವ ವೆಚ್ಚಕ್ಕೂ ರಕ್ಷಣೆಯಿದೆಯೆಂಬುದನ್ನು ಪಾಲಿಸಿಯ ಬರಹದಲ್ಲಿಯೇ ಓದಿ ನಿಶ್ಚಯಿಸಿಕೊಳ್ಳತಕ್ಕದ್ದು.

ಹರಿಹರದ ಕಾರ್ಖಾನೆಗಳಲ್ಲಿ ಲೇತಿನ ಮುಂದೆ ನಿಂತು ದುಡಿದವರಿಗೆ ಸ್ಕೀ ಹಲಗೆಯ ಮರ್ಮವನ್ನು ತಿಳಿಸುವುದು ಕಷ್ಟವಲ್ಲ: ಉಳಿಯ ಮೊನೆ ಸರಿಯಾದ ಕೋನದಲ್ಲಿ ಕೂತರೆ ಉಕ್ಕನ್ನು ಕೊರೆಯುವಂತೆ, ಹಲಗೆಯ ಅಂಚು ಸರಿಯಾಗಿ ವಾಲಿದರೆ ಮಂಜುಗಡ್ಡೆಯನ್ನು ಕಚ್ಚುತ್ತದೆ. ಬರಿಯ ಮರದ ಅಂಚು ಸವೆದು ಜಾರುತ್ತಿದ್ದುದನ್ನು ಕಂಡು ಸಾಲ್ಜ್‌ಬರ್ಗಿನ ರುಡಾಲ್ಫ್ ಲೆಟ್ನರ್ ಎಂಬವನು 1920ರ ದಶಕದಲ್ಲಿ ಉಕ್ಕಿನ ಪಟ್ಟಿಯನ್ನು ಜೋಡಿಸಿದನು. ಅಂಚು ಬಲವಾಯಿತು, ಹಿಡಿತವೂ ಬಿಗಿಯಾಯಿತು; ಬಿದ್ದಾಗ ಹಲಗೆ ಬಿಡದೆ ಕಾಲು ಮುರಿಯುವುದು ಮಾತ್ರ ಉಳಿಯಿತು. 1937ರಲ್ಲಿ ತಾನೇ ಕಾಲು ಮುರಿದುಕೊಂಡ ಯಾಲ್ಮರ್ ವಾಮ್ ಎಂಬ ಅಮೆರಿಕದ ಆಟಗಾರನು, ಬೀಳುವಾಗ ತಾನಾಗಿ ಕಳಚಿಕೊಳ್ಳುವ ಬಂಧನವನ್ನು ರೂಪಿಸಿದನು. ಇಂದು ಬಾಡಿಗೆಯ ಅಂಗಡಿಯವರು ನಿಮ್ಮ ತೂಕ, ಎತ್ತರ, ವಯಸ್ಸು, ಅಭ್ಯಾಸಗಳನ್ನು ವಿಚಾರಿಸುವುದು ಆ ಬಂಧನದ ಬಿಗಿಯನ್ನು ಹೊಂದಿಸುವುದಕ್ಕಾಗಿಯೇ. ಸಂಕೋಚದಿಂದಲೋ ಪ್ರತಿಷ್ಠೆಯಿಂದಲೋ ಸುಳ್ಳು ಹೇಳಿದರೆ ದಂಡ ತೆರುವುದು ಮೊಣಕಾಲು. ಬೂಟುಗಳನ್ನು ಅಲ್ಲಿಯೇ ಬಾಡಿಗೆಗೆ ಪಡೆಯುವುದು ಒಳ್ಳೆಯದು: ನೆಟ್ಟಗೆ ನಿಂತಾಗ ಬೆರಳುಗಳು ಮುಂಭಾಗವನ್ನು ಮೆಲ್ಲಗೆ ಸೋಕಬೇಕು, ಮೊಣಕಾಲನ್ನು ಬಗ್ಗಿಸಿದಾಗ ತುಸು ಹಿಂದೆ ಸರಿಯಬೇಕು, ಹಿಮ್ಮಡಿ ಮಾತ್ರ ಮೇಲಕ್ಕೇಳಬಾರದು. ಚಳಿಗೆ ಹೆದರಿ ಎರಡು ಜೊತೆ ಕಾಲುಚೀಲ ತೊಟ್ಟವರ ಪಾದ ಒತ್ತಿಗೆ ಸಿಕ್ಕಿ ಮತ್ತಷ್ಟು ತಣ್ಣಗಾಗುತ್ತದೆ. ಒಂದೇ ಜೊತೆ ಸಾಕು.

ಉಡುಪಿನ ವಿಷಯದಲ್ಲಿ ಹತ್ತಿಯ ಊರಿನವರು ಹತ್ತಿಯನ್ನೇ ಬಿಡಬೇಕಾಗಿರುವುದು ವಿಚಿತ್ರವಾದರೂ ಅನಿವಾರ್ಯ. ಹತ್ತಿಯೂ, ಹರಿಹರದ ಎದುರುದಡದ ಕುಮಾರಪಟ್ಟಣದಲ್ಲಿ ತಯಾರಾಗುವ ವಿಸ್ಕೋಸ್ ನಾರೂ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ, ನಮ್ಮ ಬಿಸಿಲಿಗೆ ಹಿತವಾದ ಆ ಗುಣವೇ ಹಿಮದಲ್ಲಿ ಮೈಯ ಶಾಖವನ್ನು ಕಳೆಯುತ್ತದೆ. ಉಣ್ಣೆಯಾದರೋ ತೇವಗೊಂಡರೂ ಬೆಚ್ಚಗಿರುವುದು; ಮಳೆಯಲ್ಲಿ ಚಳ್ಳಕೆರೆಯ ಕಂಬಳಿಯನ್ನು ಗೊಪ್ಪೆ ಹೊದ್ದು ಕುರಿ ಕಾಯುವವರಿಗೆ ಈ ಸತ್ಯ ಹಿಂದಿನಿಂದಲೂ ಗೊತ್ತು. ಮೈಗೆ ತಾಗುವಂತೆ ತೆಳು ಉಣ್ಣೆ, ಅದರ ಮೇಲೆ ಬೆಚ್ಚನೆಯ ಪದರ, ಹೊರಗೆ ನೀರು ತಡೆಯುವ ಅಂಗಿ: ಈ ಮೂರು ಸಾಕು. ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣಗಳ ಬಹುಪಾಲನ್ನು ಮರಳಿ ಎರಚುವುದರಿಂದ ಕನ್ನಡಕವನ್ನೂ ಮುಖಕ್ಕೆ ಸನ್‌ಸ್ಕ್ರೀನನ್ನೂ ಮರೆಯಬಾರದು. ಬುತ್ತಿಯಲ್ಲಿ ಚಟ್ನಿಪುಡಿ ಇರಲಿ. ಆದರೆ ಐರೋಪ್ಯ ಒಕ್ಕೂಟದ ದೇಶಗಳಿಗೆ ಹೊರಗಿನವರು ಹಾಲಿನ ಪದಾರ್ಥಗಳನ್ನು ಒಯ್ಯುವಂತಿಲ್ಲವಾದುದರಿಂದ, ದಾವಣಗೆರೆಯ ಬೆಣ್ಣೆಯನ್ನೂ ಪೇಡೆಯನ್ನೂ ಮಕ್ಕಳಿಗೆಂದು ಕಟ್ಟಿಕೊಳ್ಳಬಾರದು.

ಬೆಟ್ಟ ಹತ್ತುವ ಶ್ರಮವನ್ನು ಕಳೆದದ್ದು ಅಮೆರಿಕದ ಸನ್ ವ್ಯಾಲಿ: ಹಡಗಿಗೆ ಬಾಳೆಗೊನೆ ತುಂಬುವ ಕೊಂಡಿಗಳ ಯಂತ್ರವನ್ನು ಬಲ್ಲ ಜೇಮ್ಸ್ ಕರನ್ ಎಂಬ ಎಂಜಿನಿಯರು, ಕೊಂಡಿಯ ಜಾಗದಲ್ಲಿ ಕುರ್ಚಿಗಳನ್ನು ತೂಗಿಸಿ 1936ರಲ್ಲಿ ಮೊದಲ ಕುರ್ಚಿಲಿಫ್ಟನ್ನು ನಿರ್ಮಿಸಿದನು. ಸಾವಿರಾರು ಜನ ಸಲೀಸಾಗಿ ಮೇಲೇರತೊಡಗಿದಾಗ ಇಳಿಜಾರುಗಳಲ್ಲಿ ಡಿಕ್ಕಿಗಳೂ ಹೆಚ್ಚಿ, ಅಂತರರಾಷ್ಟ್ರೀಯ ಸ್ಕೀ ಒಕ್ಕೂಟವು 1967ರಲ್ಲಿ ನಡತೆಯ ನಿಯಮಗಳನ್ನು ವಿಧಿಸಿತು. ಅವುಗಳಲ್ಲಿ ಮುಖ್ಯವಾದುದು, ಮುಂದೆ ಕೆಳಗಿರುವವನಿಗೇ ಹಾದಿಯ ಹಕ್ಕು, ಹಿಂದಿನಿಂದ ಬರುವವನದೇ ಎಚ್ಚರದ ಹೊಣೆ ಎಂಬುದು. ಹಾದಿಗಳಲ್ಲಿ ನೀಲಿಯದು ಸುಲಭ, ಕೆಂಪಿನದು ಕಠಿನ, ಕಪ್ಪಿನದು ನುರಿತವರಿಗೆ. ಫ್ರಾನ್ಸಿನಲ್ಲಿ ನೀಲಿಗಿಂತಲೂ ಸುಲಭವಾದ ಹಸಿರಿದೆ. ಗುರುತಿಲ್ಲದ ಹಿಮಕ್ಕೆ ಹೊಸಬರು ಇಳಿಯಲೇಬಾರದು. ಆಪತ್ತಿನ ಕರೆಗೆ ಯೂರೋಪಿನಲ್ಲೆಲ್ಲ 112.

ಕನ್ನಡಿಗರಿಗೆ ಹಿಮ ಹೊಂದದೆಂಬ ಭಾವನೆಯನ್ನು ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರು ಗುಲ್ಮಾರ್ಗದ ಖೇಲೋ ಇಂಡಿಯಾ ಹಿಮಕ್ರೀಡಾಕೂಟದಲ್ಲಿ ಚಿನ್ನ ಗೆದ್ದು ತೊಡೆದುಹಾಕಿದ್ದಾರೆ. ಸ್ಕೀ ಕ್ಲಬ್ ಆಫ್ ಇಂಡಿಯಾ 1927ರಲ್ಲಿ ಹುಟ್ಟಿದ್ದು ಅದೇ ಗುಲ್ಮಾರ್ಗದಲ್ಲಿ. ಪರದೇಶಕ್ಕೆ ಮೊದಲು ಅಲ್ಲಿ ಅಭ್ಯಾಸ ಮಾಡಿಕೊಂಡರೆ ವೆಚ್ಚವೂ ಉಳಿದೀತು, ಧೈರ್ಯವೂ ಬಂದೀತು. ಎಲ್ಲಿಗೇ ಹೋದರೂ ಮೊದಲ ದಿನಗಳನ್ನು ಗುರುವಿನ ಕೈಗೊಪ್ಪಿಸಿ, ಹಲಗೆಗಳ ತುದಿಗಳನ್ನು ಒಳಕ್ಕೆ ಕೂಡಿಸಿ ನಿಲ್ಲುವುದನ್ನು ಕಲಿತ ಮೇಲೆಯೇ ಎತ್ತರಕ್ಕೆ ಏರತಕ್ಕದ್ದು. ಹಣ ಸಾಲದೆ ಬಂದರೆ ಹೋಟೆಲಿನ ಸುಖವನ್ನು ಕಡಮೆ ಮಾಡಿಕೊಳ್ಳಿರಿ, ಉಳಿಯುವ ದಿನಗಳನ್ನು ಕಡಮೆ ಮಾಡಿಕೊಳ್ಳಿರಿ. ಗುರುವಿನ ದಕ್ಷಿಣೆಯಲ್ಲಿ, ವಿಮೆಯಲ್ಲಿ, ಬೂಟಿನಲ್ಲಿ ಉಳಿತಾಯ ಬೇಡ.